ಶ್ರೀರಂಗಪಟ್ಟಣದ ಕೋಟೆ ಸುತ್ತೋಕೆ ಯಾವ ತಿಂಗಳು ಒಳ್ಳೆಯದು?

ಬಿಸಿಲಿರಬಾರದು, ಹೊಳೆ ತುಂಬಿರಬೇಕು ಅಂದಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿ ಆಗಸ್ಟ್‌ನಲ್ಲಿ ಹೋದವನು.

ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು. ಕೆನ್ನೀರು ದಡ ಮುಟ್ಟುತ್ತಿತ್ತು. 1799ರ ಮೇ 4ರಂದು ಇಂಗ್ಲಿಷರು ಗೋಡೆ ಒಡೆದು ನುಗ್ಗಿದ ಕಡೆ ಒಂದು ಸ್ಮಾರಕ ಕಂಬ ಇದೆ. ಅಲ್ಲಿ ನಿಂತು ಹೊಳೆ ನೋಡಿದೆ. ಇದನ್ನು ದಾಟಿ ಬಂದರಂತೆ! ನಂಬಿಕೆಯೇ ಬರಲಿಲ್ಲ. ನಾಲ್ಕು ಫೋಟೊ ತೆಗೆದು ಆಟೊ ಹತ್ತಿದೆ. ಬೋರ್ಡ್ ಕಂಡಲ್ಲೆಲ್ಲ ಇಳಿದೆ, ಹತ್ತಿದೆ, ಮೂರು ಗಂಟೆಗೆ ಊಟಕ್ಕೆ ಕೂತೆ. ತಲೆಗೆ ಏನೂ ಹೋಗಿರಲಿಲ್ಲ.

ತಪ್ಪು ಆಟೊದವನದ್ದಲ್ಲ, ನಾನು ಆರಿಸಿದ ತಿಂಗಳದ್ದು. ಈ ಕೋಟೆಗೆ ಹೊಳೆಯೇ ದೊಡ್ಡ ಕಾವಲು. 1791ರ ಮೇನಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಹೋದ. ಎಂಟು ವರ್ಷದ ಮೇಲೆ ಬಂದವರು ಮಳೆಗೆ ಮುಂಚೆಯೇ ಮುಗಿಸಿದರು. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ, ಸುಡು ಬಿಸಿಲಲ್ಲಿ, ಬಂಡೆಗಳ ನಡುವೆ ನಡೆದೇ ದಾಟಿದರು. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ ನಾನು! ಆದರೂ ತುಂಬಿದ ಹೊಳೆ ಮುಂದೆ ಅದೊಂದೂ ನೆನಪಾಗಲಿಲ್ಲ.

ಎರಡು ವರ್ಷ ಬಿಟ್ಟು ಏಪ್ರಿಲ್ ಕೊನೆಗೆ, ಅದೇ ಒಂದು ಗಂಟೆಗೆ ಹೋದೆ. ಹೊಳೆ ತುಂಬ ಬಂಡೆ. ಹುಡುಗನೊಬ್ಬ ದನ ಹೊಡೆದುಕೊಂಡು ದಾಟುತ್ತಿದ್ದ. ನೀರು ದನದ ಮೊಣಕಾಲಿಗೂ ಬರುತ್ತಿರಲಿಲ್ಲ. ಅವನು ಈ ದಡಕ್ಕೆ ಬರೋವರೆಗೂ ನೋಡುತ್ತಾ ನಿಂತಿದ್ದೆ.

ಹಾಗಾಗಿ ತಂಪು ಹುಡುಕಲೇಬೇಡಿ. ಟೋಪಿ ಹಾಕಿ, ಎರಡು ಬಾಟಲ್ ನೀರು ಹಿಡಿದು ಬಿಸಿಲಲ್ಲೇ ಹೋಗಿ. ಹೊಳೆಗೆ ಮಾತ್ರ ಇಳಿಯಬೇಡಿ, ಮೊಸಳೆ ಇವೆ. ಕಂಬದಿಂದ ಶುರು ಮಾಡಿ, ಕರ್ನಲ್ ಬೈಲಿ ಅನ್ನೋ ಇಂಗ್ಲಿಷ್ ಸೇನಾಧಿಕಾರಿಯ ಹೆಸರಿನ ಬಂದೀಖಾನೆಗೆ ನಡೆದೇ ಹೋಗಿ. ಗೋಡೆಯಿಂದ ಚಾಚಿದ ಕಲ್ಲುಗಳಿಗೆ ತೂತು ಕೊರೆದಿದ್ದಾರೆ, ಕೈದಿಗಳನ್ನು ಅದಕ್ಕೇ ಕಟ್ಟುತ್ತಿದ್ದರಂತೆ. 1799ರ ದಾಳಿ ನಡೆಸಿದ ಬೇರ್ಡ್ ಕೂಡ ಹಿಂದೆ ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಆಮೇಲೆ ಟಿಪ್ಪು ಹೆಣ ಸಿಕ್ಕ ಜಾಗ. ಅಲ್ಲಿ ಒಂದು ಕಲ್ಲು ಬಿಟ್ಟರೆ ಏನೂ ಇಲ್ಲ, ಸುಮ್ನೆ ಎರಡು ನಿಮಿಷ ನಿಲ್ಲಿ.

ಎಲ್ಲರೂ ಮೊದಲು ನೋಡೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಕೊನೆಗಿರಲಿ. ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿ ಪಡುವಣ ಗೋಡೆ ಮೇಲಿದೆ. ಅದರಲ್ಲಿ ಪಲ್ಲಕ್ಕಿಯೊಳಗೆ ಕೂತಿರೋ ಬೈಲಿಯನ್ನು ಹುಡುಕಿ. ಆಗಷ್ಟೇ ಅವನ ಹೆಸರಿನ ಸೆರೆಮನೆ ನೋಡಿ ಬಂದಿರುತ್ತೀರಲ್ವಾ.