ರಾಯಭಾರ ಕಚೇರಿಯಲ್ಲಿ ಲೋಕಲ್ ಸ್ಟಾಫ್ ಸಂಘ ಸೇರಬೇಕಾ? ಸಾಹೇಬರು ಒಳ್ಳೆಯವರಿದ್ದರೂ?

ಬಾಗಲಕೋಟೆಯಿಂದ ದಿಲ್ಲಿಗೆ ಹೋಗಿ ಒಂದು ದೇಶದ ರಾಯಭಾರ ಕಚೇರಿಯಲ್ಲಿ ವೀಸಾ ಕ್ಲರ್ಕ್ ಆಗಿದ್ದೀರಿ. ಲೋಕಲ್ ಸ್ಟಾಫ್, ಅಂದರೆ ಇಲ್ಲಿಯೇ ನೇಮಿಸಿಕೊಂಡ ಭಾರತೀಯ ನೌಕರರು, ಸೇರಿ ಸಂಘ ಕಟ್ಟುತ್ತಿದ್ದಾರೆ. ಸಾಹೇಬರು ಒಳ್ಳೆಯವರು, ಅದು ಹೇಗೂ ವಿದೇಶದ ನೆಲ, ಇಂಥ ಕೆಲಸಕ್ಕೆ ಸಂಘ ಒಗ್ಗುತ್ತದೆಯೇ ಅಂತ ಕೇಳಿದ್ದೀರಿ. ತಮ್ಮಾ, ನಿಮ್ಮ ಪ್ರಶ್ನೆ ಓದಿ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಸಾಹೇಬರೂ ಒಳ್ಳೆಯವರೇ ಇದ್ದರು.

ನಾನು ಬೆಳಗಾವಿ ಜಿಲ್ಲೆ ಗೋಕಾಕದ ಕಡೆಯವನು. 2003ರಿಂದ 2014ರವರೆಗೆ ದಿಲ್ಲಿಯ ಚಾಣಕ್ಯಪುರಿಯ ಒಂದು ರಾಯಭಾರ ಕಚೇರಿಯಲ್ಲಿ ನೀವು ಈಗ ಮಾಡುವ ಕೆಲಸವನ್ನೇ ಮಾಡಿದೆ. ನಾವು 23 ಜನ ಭಾರತೀಯರು. ಡ್ರೈವರ್‌ಗಳು, ಮಾಲಿ, ಅನುವಾದ ಮಾಡುವ ಅಕ್ಕ, ಅಕೌಂಟ್ಸ್‌ನವರು, ವೀಸಾ ಕಿಟಕಿಯವರು. ಸಂಬಳ ಡಾಲರಿನಲ್ಲಿ ಬರೆದಿತ್ತು, ಕೈಗೆ ಬರುವುದು ರೂಪಾಯಿಯಲ್ಲಿ. ಆದರೆ ಲೆಕ್ಕ ಹಾಕುವ ದರ ಹಳೆಯದು. 2013ರ ಮೇ ತಿಂಗಳಲ್ಲಿ ಡಾಲರ್ 55 ರೂಪಾಯಿಯ ಆಸುಪಾಸು ಇತ್ತು. ಆಗಸ್ಟ್ ಕೊನೆಗೆ 68 ದಾಟಿತು. ನಮಗೆ ಕೊಡುತ್ತಿದ್ದದ್ದು 46ರ ಲೆಕ್ಕದಲ್ಲಿ. ಪಿಎಫ್ ಇಲ್ಲ. ವೀಸಾ ಸೀಸನ್ನಿನಲ್ಲಿ ರಾತ್ರಿ ಒಂಬತ್ತು ಹೊಡೆದರೂ ಓಟಿ ಇಲ್ಲ.

ಅದೇ ಬೇಸಿಗೆ ಕೆನಡಾದ ವಿದೇಶಾಂಗ ಅಧಿಕಾರಿಗಳು ಮುಷ್ಕರಕ್ಕೆ ಇಳಿದಿದ್ದರು. ತಮ್ಮಂಥದೇ ಕೆಲಸ ಮಾಡುವ ಬೇರೆ ಇಲಾಖೆಯವರಿಗೆ ಜಾಸ್ತಿ ಸಂಬಳ ಇದೆ, ನಮಗೂ ಕೊಡಿ ಅನ್ನುವುದು ಅವರ ಬೇಡಿಕೆ. ದಿಲ್ಲಿ, ಚಂಡೀಗಢದ ವೀಸಾ ಕೆಲಸಕ್ಕೂ ಬಿಸಿ ತಟ್ಟಿತು. ಸೆಪ್ಟೆಂಬರಿನಲ್ಲಿ ಒಪ್ಪಂದ ಆಯಿತು. ಊಟಕ್ಕೆ ಕೂತಾಗ ನಮಗೆ ಇದೇ ಮಾತು. ದೊಡ್ಡ ಅಧಿಕಾರಿಗಳೇ ಕೇಳಿ ಪಡೆಯುತ್ತಾರೆ ಅಂದಮೇಲೆ ನಾವ್ಯಾಕೆ ಕೇಳಬಾರದು? 2014ರ ಮಾರ್ಚಿನಲ್ಲಿ ಇಸ್ರೇಲಿನ ವಿದೇಶಾಂಗ ನೌಕರರು ಜಗತ್ತಿನ ತುಂಬ ಇದ್ದ ತಮ್ಮ ರಾಯಭಾರ ಕಚೇರಿಗಳನ್ನೇ ಬಂದ್ ಮಾಡಿದರು. 2022ರ ಜೂನಿನಲ್ಲಿ ಫ್ರಾನ್ಸಿನ ರಾಜತಾಂತ್ರಿಕರು ಮುಷ್ಕರ ಮಾಡಿದರು. ನಮ್ಮ ಆಡಳಿತ ಸಾಹೇಬರು ಕೂಡ ತಮ್ಮ ದೇಶದಲ್ಲಿ ಸಂಘದ ಸದಸ್ಯರು. ಅವರ ಬಾಯಿಂದಲೇ ಕೇಳಿದ್ದೇನೆ. ಈ ಕೆಲಸಕ್ಕೆ ಸಂಘ ಒಗ್ಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ.

2013ರ ದೀಪಾವಳಿ ಮುಗಿದ ಮೇಲೆ ನಾವೂ ಸಂಘ ಕಟ್ಟಿದೆವು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ನನ್ನನ್ನೇ ಕಾರ್ಯದರ್ಶಿ ಮಾಡಿದರು. 2014ರ ಫೆಬ್ರವರಿಯಲ್ಲಿ ನಾಲ್ಕು ಜನರ ಕೈಗೆ ಪತ್ರ ಬಂತು, ಇನ್ನು ನಿಮ್ಮ ಸೇವೆ ಬೇಕಿಲ್ಲ ಅಂತ. ಇಬ್ಬರು ಡ್ರೈವರ್‌ಗಳು, ಅನುವಾದದ ಅಕ್ಕ, ನಾನು.

ಈಗ ನನ್ನ ತಪ್ಪು ಹೇಳುತ್ತೇನೆ. ಇದನ್ನು ನಿಧಾನವಾಗಿ ಓದಿ.

ಪತ್ರ ಬಂದ ಮರುದಿನ ಆಡಳಿತ ಸಾಹೇಬರು ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. 'ಇದು ರಾಜಧಾನಿಯಿಂದ ಬಂದ ಆದೇಶ. ಹೊಸ ಬಜೆಟ್ ಬರಲಿ, ನಾಲ್ವರನ್ನೂ ವಾಪಸ್ ತಗೋತೇನೆ. ಅಲ್ಲಿಯವರೆಗೆ ಕೋರ್ಟು ಅಂತ ಹೋಗಬೇಡಿ' ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಇವತ್ತಿಗೂ ನಾನು ಹಾಗೇ ನಂಬುತ್ತೇನೆ. ಕಣ್ಣಲ್ಲಿ ನೀರಿತ್ತು. ಹೊರಗೆ ಬಂದು ಉಳಿದ ಮೂವರಿಗೆ 'ತಡೀರಿ, ಮಾತು ಕೊಟ್ಟಿದ್ದಾರೆ' ಅಂದೆ. ಆ ಸಂಜೆ ಒಂದು ಇಮೇಲ್ ಹಾಕಿದ್ದರೆ ಸಾಕಿತ್ತು, 'ಇವತ್ತು ತಾವು ಹೀಗೆ ಹೇಳಿದಿರಿ' ಅಂತ ಎರಡು ಸಾಲು. ಹಾಕಲಿಲ್ಲ. ಅವರ ಮೇಲೆ ಅನುಮಾನ ಪಟ್ಟಂತೆ ಆಗುತ್ತದೆ ಅನಿಸಿತು.

ಊರಿಗೆ ಫೋನ್ ಮಾಡಿದೆ. ಅಪ್ಪ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿದವರು, ಯೂನಿಯನ್ ಕಂಡವರು. 'ಬರದು ಕೊಟ್ಟಾನೇನು?' ಅಂದರು. 'ಇಲ್ಲಪಾ, ಮಾತು ಕೊಟ್ಟಾನ' ಅಂದೆ. 'ಮಾತು ಕೊಟ್ಟಾವ ನಾಳೆ ಅಲ್ಲೇ ಇರತಾನೇನು?' ಅಂತ ಕೇಳಿದರು. ನಾನು ಬೇರೆ ಮಾತು ತೆಗೆದೆ.

ರಾಜತಾಂತ್ರಿಕರಿಗೆ ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ವರ್ಗ ಆಗೇ ಆಗುತ್ತದೆ. ಹನ್ನೊಂದು ವರ್ಷ ಎಷ್ಟೋ ಬೀಳ್ಕೊಡುಗೆ ಪಾರ್ಟಿಗೆ ನಾನೇ ಸಮೋಸ ತರಿಸಿದ್ದೆ. ಆದರೂ ಇದು ತಲೆಗೆ ಹೊಳೆಯಲಿಲ್ಲ. 2015ರಲ್ಲಿ ಸಾಹೇಬರು ಹೋದರು. ಬಂದವರು ಫೈಲು ನೋಡಿ, ಇಲ್ಲಿ ಏನೂ ಬರೆದಿಲ್ಲವಲ್ಲ ಅಂದರು. ಅವರು ಹೇಳಿದ್ದೂ ನಿಜ. ನಾನು ಪತ್ರ ಬರೆದೆ, ಕಾದೆ, ಮತ್ತೆ ಬರೆದೆ. 2017ರ ಜೂನಿನಲ್ಲಿ ವಕೀಲರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಕೆಲಸದಿಂದ ತೆಗೆದ ತಾರೀಖು. ಹೇಳಿದೆ. ಪೆನ್ನು ಕೆಳಗಿಟ್ಟರು. ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ತೆಗೆದುಹಾಕಿದ ನೌಕರ ನೇರವಾಗಿ ಲೇಬರ್ ಕೋರ್ಟಿಗೆ ಹೋಗಲು ಮೂರು ವರ್ಷ ಗಡುವು. ನಾಲ್ಕು ತಿಂಗಳು ಮೀರಿತ್ತು. ಹೋಗಿದ್ದರೆ ಗೆದ್ದೇ ಗೆಲ್ಲುತ್ತಿದ್ದೆವು ಅಂತ ಹೇಳುತ್ತಿಲ್ಲ. ಸಾರ್ವಭೌಮ ದೇಶದ ಮೇಲೆ ಕೇಸು ನಡೆಯದು ಅಂತ ರಾಯಭಾರ ಕಚೇರಿಯವರು ವಾದ ಹೂಡುತ್ತಿದ್ದರು. ಆದರೆ ಬಾಗಿಲು ತಟ್ಟುವ ಮೊದಲೇ ಬಾಗಿಲು ಹಾಕಿತ್ತು. ಆ ಡ್ರೈವರ್ ಅಣ್ಣಂದಿರಿಗೆ 'ತಡೀರಿ' ಅಂದವನು ನಾನು. ಅದು ನನ್ನನ್ನು ಇನ್ನೂ ಸುಡುತ್ತದೆ.

ನೆನಪಿಡಿ, ಈಗ ಗಡುವು ಇನ್ನೂ ಕಡಿಮೆ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಅದು ಎರಡೇ ವರ್ಷ.

ಇನ್ನು ವಿದೇಶದ ನೆಲದ ಮಾತು. ಅದು ತಪ್ಪು. ರಾಯಭಾರ ಕಚೇರಿ ನಿಂತಿರುವುದು ಭಾರತದ ನೆಲದ ಮೇಲೆಯೇ. ರಾಜತಾಂತ್ರಿಕ ಸಂಬಂಧಗಳ ಬಗ್ಗೆ ದೇಶಗಳು ಮಾಡಿಕೊಂಡ 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿ ಹೇಳುವುದು ಇಷ್ಟೇ, ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ನಮ್ಮ ಅಧಿಕಾರಿಗಳು ಒಳಗೆ ಕಾಲಿಡುವಂತಿಲ್ಲ. ಅದೇ ಒಪ್ಪಂದದ 41ನೇ ವಿಧಿ ಓದಿ. ರಕ್ಷಣೆ ಪಡೆದವರೂ ಇಲ್ಲಿನ ಕಾನೂನನ್ನು ಗೌರವಿಸಬೇಕು ಅನ್ನುತ್ತದೆ. ಸಿವಿಲ್ ಕೋರ್ಟಿನಲ್ಲಿ ವಿದೇಶಿ ಸರ್ಕಾರದ ಮೇಲೆ ದಾವೆ ಹೂಡಲು ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮಿನಂತೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಬೇಕು ಅಂದರೆ ದಾರಿಯೇ ಇಲ್ಲ ಅಂತಲ್ಲವಲ್ಲ. ನಾನು ಇದನ್ನೆಲ್ಲ ಓದಿದ್ದು ಕೆಲಸ ಹೋದ ಮೇಲೆ.

ಹಾಗಾಗಿ ಸಾಹೇಬರೋ ಸಂಘವೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಸಾಹೇಬರು ಒಳ್ಳೆಯವರಿದ್ದಾರೆಯೇ? ಹಾಗಿದ್ದರೆ ಅವರು ಇರುವಾಗಲೇ ಸಂಘ ಮಾಡಿ, ಅವರಿಂದಲೇ ಸಹಿ ಹಾಕಿಸಿ. ನೋಂದಣಿಗೆ ಏಳು ಜನ ಮುಂದೆ ಬಂದರೆ ನಿಮ್ಮಂಥ ಸಣ್ಣ ಕಚೇರಿಗೆ ಸಾಕು. ಸಂಬಳದ ದರ, ಓಟಿ, ಪಿಎಫ್ ಏನೇ ಮಾತಾದರೂ ಅದೇ ದಿನ ಇಮೇಲ್ ಹಾಕಿ. ನಮ್ಮ ಮಿಲ್ಲಿನ ಹಿರಿಯರು '12(3) ಸೆಟ್ಲ್‌ಮೆಂಟ್' ಅನ್ನುತ್ತಿದ್ದರು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸರ್ಕಾರದ ಸಂಧಾನಾಧಿಕಾರಿಯ ಎದುರು ಆದ ಒಪ್ಪಂದ ಅದು. ಮಾಲೀಕ ಬದಲಾದರೂ, ಕೆಲಸಗಾರ ನಾಳೆ ಬಂದು ಸೇರಿದವನಾದರೂ ಅದು ಅನ್ವಯ. ಮೂರು ವರ್ಷಕ್ಕೊಮ್ಮೆ ಕುರ್ಚಿ ಖಾಲಿಯಾಗುವ ಕಚೇರಿಯಲ್ಲಿ ನಿಮಗೆ ಬೇಕಾದದ್ದು ಅಂಥ ಕಾಗದ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ನೇಮಕಾತಿ ಪತ್ರದಲ್ಲಿ ಯಾರ ಹೆಸರಿದೆ, ರಾಯಭಾರ ಕಚೇರಿಯದೋ ಅಥವಾ ಆಳು ಒದಗಿಸುವ ಗುತ್ತಿಗೆದಾರನದೋ? ಗುತ್ತಿಗೆದಾರನದಾದರೆ ಅವನಿಗೆ ಯಾವ ವಿಯೆನ್ನಾ ರಕ್ಷಣೆಯೂ ಇಲ್ಲ, ದಾರಿ ಸಲೀಸು. ಇವತ್ತು ರಾತ್ರಿಯೇ ಪತ್ರ ತೆಗೆದು ನೋಡಿ, ಕಾಮೆಂಟಿನಲ್ಲಿ ತಿಳಿಸಿ. ನಾನು ಎಚ್ಚರವಿರುತ್ತೇನೆ.