ಚಿತ್ರತಾರೆಯರ ಸಂಭಾವನೆ ಹೇಗೆ ನಿಗದಿಯಾಗುತ್ತದೆ? ಹೊಸ ನಟನೊಬ್ಬ ಲಾಭದ ಪಾಲಿಗೆ ಒಪ್ಪಬಹುದೇ?

ಸಂಭಾವನೆ ತಗ್ಗಿಸಿಕೊಂಡು ನಿವ್ವಳ ಲಾಭದಲ್ಲಿ ಶೇಕಡಾ 5ರಷ್ಟು ಪಾಲು ಪಡೆಯಿರಿ, ದೊಡ್ಡ ನಟರೆಲ್ಲ ಹಾಗೆಯೇ ಮಾಡುತ್ತಾರೆ ಎಂದು ನಿಮ್ಮ ನಿರ್ಮಾಪಕರು ಹೇಳಿರುವುದಾಗಿ ಬರೆದಿದ್ದೀರಿ. ಅಂಧೇರಿಯ ವೀರಾ ದೇಸಾಯಿ ರಸ್ತೆಯ ಕಚೇರಿಯೊಂದರಲ್ಲಿ ಇದೇ ಮಾತನ್ನು ನಾನೂ ಕೇಳಿದ್ದೆ, ಕೇಳಿ ಸಹಿಯನ್ನೂ ಹಾಕಿದ್ದೆ.

ಧಾರವಾಡದಿಂದ ಮುಂಬೈಗೆ ಬಂದ ಮೇಲೆ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಕನ್ನಡ ನಾಟಕಗಳನ್ನು ಆಡುತ್ತ, ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್‌ಗಳಿಗೆ ಅಲೆಯುತ್ತ, ಹಿಂದಿ ಧಾರಾವಾಹಿಗಳ ಸಣ್ಣಪುಟ್ಟ ಪಾತ್ರಗಳಲ್ಲಿ ಹೊಟ್ಟೆ ಹೊರೆಯುತ್ತಿದ್ದೆ. ಧಾರಾವಾಹಿಯ ಹಣ ಕೈಸೇರಲು ತೊಂಬತ್ತು ದಿನ ಕಾಯುವುದು ಇಲ್ಲಿಯ ರೂಢಿ. ಅಂಥ ದಿನಗಳಲ್ಲಿ ಕಡಿಮೆ ಬಜೆಟ್ಟಿನ ಹಿಂದಿ ಚಿತ್ರವೊಂದರ ಮುಖ್ಯ ಪಾತ್ರ ಒದಗಿ ಬಂತು. ಒಟ್ಟು 12 ಲಕ್ಷ ರೂಪಾಯಿ ಸಂಭಾವನೆ, ಇಲ್ಲವೇ 3 ಲಕ್ಷ ರೂಪಾಯಿಯ ಜೊತೆಗೆ ನಿವ್ವಳ ಲಾಭದಲ್ಲಿ ಶೇಕಡಾ 5 ಎಂದು ನಿರ್ಮಾಪಕರು ಮುಂದಿಟ್ಟಾಗ ನಾನು ಎರಡನೆಯದನ್ನು ಆರಿಸಿಕೊಂಡೆ. ಸಂಭಾವನೆಯ ಬದಲು ಲಾಭದಲ್ಲಿ ಪಾಲು ಪಡೆಯುವುದಾಗಿ ಆಮೀರ್ ಖಾನ್ ಬಹಿರಂಗವಾಗಿಯೇ ಹೇಳಿಕೊಂಡಿರುವುದು ನನ್ನ ತಲೆಯಲ್ಲಿತ್ತು. ಆದರೆ 2001ರ ‘ಲಗಾನ್’ ಕಾಲದಿಂದ ಅವರಿಗೆ ಸ್ವಂತ ನಿರ್ಮಾಣ ಸಂಸ್ಥೆಯಿದೆ, ಆ ಸಂಸ್ಥೆಯ ಚಿತ್ರಗಳ ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇರುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ನನಗೆ ನಷ್ಟ ತಂದ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಶೇಕಡಾ 4 ಎಂದದ್ದನ್ನು 5ಕ್ಕೆ ಏರಿಸಲು ನಾನು ಬಹಳ ಹೊತ್ತು ಚೌಕಾಸಿ ಮಾಡಿದೆ. ಆದರೆ ಆ ಐದು ಪಾಲು ಯಾವ ಮೊತ್ತದ ಮೇಲೆ ಎಂಬುದನ್ನು ವಿವರಿಸುವ ಅನುಬಂಧ ಒಪ್ಪಂದದ ಕೊನೆಯಲ್ಲಿತ್ತು, ಅದನ್ನು ಓದಲಿಲ್ಲ. ಒಂದೇ ಟಿಕೆಟನ್ನು ತೆಗೆದುಕೊಂಡು ನೋಡಿ. ಪ್ರೇಕ್ಷಕ 236 ರೂಪಾಯಿ ಕೊಟ್ಟರೆ ಶೇಕಡಾ 18ರ ದರದಲ್ಲಿ 36 ರೂಪಾಯಿ ಜಿಎಸ್‌ಟಿಗೆ ಹೋಗುತ್ತದೆ. ಉಳಿದ 200ರಲ್ಲಿ ಮಲ್ಟಿಪ್ಲೆಕ್ಸ್ ಮೊದಲ ವಾರ ಸುಮಾರು ಅರ್ಧವನ್ನು ಇಟ್ಟುಕೊಳ್ಳುತ್ತದೆ. 2009ರಲ್ಲಿ ನಿರ್ಮಾಪಕರು ಸುಮಾರು ಎರಡು ತಿಂಗಳು ಹೊಸ ಹಿಂದಿ ಚಿತ್ರಗಳನ್ನು ಮಲ್ಟಿಪ್ಲೆಕ್ಸ್‌ಗಳಿಗೆ ಕೊಡದೆ ಹಟ ಹಿಡಿದ ಮೇಲೆ ಆದ ಒಪ್ಪಂದದಲ್ಲೂ ಅವರಿಗೆ ದಕ್ಕಿದ್ದು ಮೊದಲ ವಾರ ಶೇಕಡಾ 50, ಆಮೇಲೆ ವಾರದಿಂದ ವಾರಕ್ಕೆ ಇಳಿಯುತ್ತ ಹೋಗುವ ಪಾಲು. ಹೀಗೆ ಉಳಿದ 100 ರೂಪಾಯಿಯಲ್ಲಿ ವಿತರಕರ ಕಮಿಷನ್, ಪ್ರಚಾರದ ವೆಚ್ಚ, ಡಿಜಿಟಲ್ ಪ್ರದರ್ಶನಕ್ಕೆ ಕೊಡಬೇಕಾದ ವರ್ಚುವಲ್ ಪ್ರಿಂಟ್ ಫೀ, ಫೈನಾನ್ಸಿಯರ್‌ಗೆ ತಿಂಗಳ ಲೆಕ್ಕದಲ್ಲಿ ಬೆಳೆಯುವ ಬಡ್ಡಿ, ನಿರ್ಮಾಣ ಸಂಸ್ಥೆಯ ಕಚೇರಿ ಖರ್ಚು ಎಂದು ಒಂದೊಂದಾಗಿ ಕಳೆದು, ಚಿತ್ರಕ್ಕೆ ಹೂಡಿದ ಅಸಲೂ ತೀರಿದ ಮೇಲೆ ಏನಾದರೂ ಮಿಕ್ಕರೆ ಅದರಲ್ಲಿ ನನ್ನ ಐದು ಪಾಲು.

ಚಿತ್ರಮಂದಿರದಲ್ಲಿ ನಮ್ಮ ಚಿತ್ರ ಹೆಚ್ಚು ದಿನ ನಿಲ್ಲಲಿಲ್ಲ, ನಿಜ. ಆದರೆ ಟೆಲಿವಿಷನ್ ಮತ್ತು ಓಟಿಟಿ ಹಕ್ಕುಗಳು ಒಳ್ಳೆಯ ಬೆಲೆಗೆ ಮಾರಾಟವಾದವು. ಆದರೇನು, ನಿರ್ಮಾಪಕರು ಅವನ್ನು ತಮ್ಮ ಇನ್ನೆರಡು ಹಳೆಯ ಚಿತ್ರಗಳ ಜೊತೆ ಸೇರಿಸಿ ಒಂದೇ ಗಂಟಾಗಿ ಮಾರಿದ್ದರು. ಬಂದ ಹಣದಲ್ಲಿ ಯಾವ ಚಿತ್ರಕ್ಕೆ ಎಷ್ಟು ಎಂದು ಹಂಚುವ ಅಧಿಕಾರವನ್ನು ನಾನು ಓದದ ಅನುಬಂಧ ಅವರಿಗೇ ಕೊಟ್ಟಿತ್ತು. ನಮ್ಮ ಚಿತ್ರದ ಖಾತೆಗೆ ಬಂದದ್ದು ಅತ್ಯಲ್ಪ. ಲೆಕ್ಕ ಪರಿಶೀಲಿಸುವ ಹಕ್ಕು ನನಗಿರಲಿಲ್ಲ. ಕೊನೆಗೆ ಒಂದು ಪುಟದ ವಿವರಣೆ ಬಂತು, ಅದರ ಕೆಳಗಿನ ಸಾಲಿನಲ್ಲಿ ನಷ್ಟವೆಂದು ಬರೆದಿತ್ತು. ಅಸೋಸಿಯೇಷನ್‌ನ ನಾಟಕಗಳಿಂದ ಪರಿಚಯವಾಗಿದ್ದ ಹಿರಿಯ ಲೆಕ್ಕಪರಿಶೋಧಕರೊಬ್ಬರಿಗೆ ಒಪ್ಪಂದ ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟು, “ಐದರ ಬದಲು ಐವತ್ತು ಬರೆಸಿಕೊಂಡಿದ್ದರೂ ನಿಮಗೆ ಬರುತ್ತಿದ್ದುದು ಇಷ್ಟೇ” ಎಂದರು. ಒಂಬತ್ತು ಲಕ್ಷ ಹೋಯಿತು. ಆ ಹಣದಲ್ಲಿ ಊರಿನ ಮನೆಯ ಸಾಲ ತೀರಿಸಬೇಕೆಂದಿದ್ದೆ.

ಇದು ಮುಂಬೈಗಷ್ಟೇ ಸೀಮಿತವಾದ ಸಂಗತಿ ಎಂದು ತಿಳಿಯಬೇಡಿ. 1988ರಲ್ಲಿ ಬಂದ ಹಾಲಿವುಡ್ ಚಿತ್ರ ‘ಕಮಿಂಗ್ ಟು ಅಮೆರಿಕ’ ಜಗತ್ತಿನಾದ್ಯಂತ ಭಾರಿ ಗಳಿಕೆ ಮಾಡಿದರೂ ನಿವ್ವಳ ಲಾಭವೇ ಇಲ್ಲವೆಂದು ಪ್ಯಾರಮೌಂಟ್ ಸಂಸ್ಥೆ ವಾದಿಸಿತು. ಕಥೆ ತನ್ನದು, ನಿವ್ವಳ ಲಾಭದ ಪಾಲು ತನಗೆ ಬರಬೇಕು ಎಂದು ದಾವೆ ಹೂಡಿದ್ದ ಲೇಖಕ ಆರ್ಟ್ ಬುಕ್‌ವಾಲ್ಡ್ ಪ್ರಕರಣದಲ್ಲಿ 1990ರಲ್ಲಿ ನ್ಯಾಯಾಲಯವು ಆ ಲೆಕ್ಕದ ಸೂತ್ರದ ಹಲವು ಅಂಶಗಳು ನ್ಯಾಯಸಮ್ಮತವಲ್ಲವೆಂದು ಹೇಳಬೇಕಾಯಿತು.

ಇನ್ನು ನಿಮ್ಮ ಮೂಲ ಪ್ರಶ್ನೆ. ತಾರೆಯರ ಸಂಭಾವನೆ ಹೇಗೆ ನಿಗದಿಯಾಗುತ್ತದೆಂದು ತಿಳಿದರೆ ನಿಮ್ಮದನ್ನೂ ಅದೇ ಅಳತೆಯಲ್ಲಿ ಕೇಳಬಹುದೆಂದು ನೀವು ಭಾವಿಸಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಒಬ್ಬ ತಾರೆಯ ಹೆಸರನ್ನು ಹೇಳಿ, ಚಿತ್ರ ತಯಾರಾಗುವ ಮೊದಲೇ, ಎಷ್ಟು ಹಣ ಎತ್ತಬಹುದು ಎಂಬುದೇ ಅಲ್ಲಿಯ ಅಳತೆ. ಶುಕ್ರವಾರದ ಓಪನಿಂಗ್, ಅಂದರೆ ಬಿಡುಗಡೆಯ ಮೊದಲ ದಿನದ ಗಳಿಕೆ, ಎಷ್ಟಿರಬಹುದು, ಟೆಲಿವಿಷನ್, ಓಟಿಟಿ ಮತ್ತು ಸಂಗೀತದ ಹಕ್ಕುಗಳಿಗೆ ಮುಂಗಡವಾಗಿ ಎಷ್ಟು ಬರುತ್ತದೆ, ಒಂದೊಂದು ಪ್ರದೇಶದ ವಿತರಕ ಎಷ್ಟು ಮಿನಿಮಮ್ ಗ್ಯಾರಂಟಿ (ಚಿತ್ರ ಓಡಲಿ ಬಿಡಲಿ ಕೊಡಲೇಬೇಕಾದ ಮೊತ್ತ) ಕೊಡುತ್ತಾನೆ ಎಂಬುದನ್ನು ಕೂಡಿಸಿ ಅದರಿಂದ ಸಂಭಾವನೆಯನ್ನು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಹೀಗೆ ಓಪನಿಂಗ್ ತರಬಲ್ಲವರು ಬೆರಳೆಣಿಕೆಯಷ್ಟು ಜನ, ಅವರ ಕಾಲ್‌ಶೀಟ್‌ಗಾಗಿ ಕಾಯುವ ನಿರ್ಮಾಪಕರು ನೂರಾರು. ಹಾಗಾಗಿ ಬೆಲೆ ಏರುತ್ತದೆ, ಮತ್ತು ಒಂದೆರಡು ಚಿತ್ರ ಸೋತರೂ ಏರಿದ್ದು ಸುಲಭವಾಗಿ ಇಳಿಯುವುದಿಲ್ಲ. 35 ಕೋಟಿ ಕೇಳುವ ನಟರ ಚಿತ್ರಗಳು ಮೊದಲ ದಿನ ಮೂರೂವರೆ ಕೋಟಿ ಗಳಿಸುತ್ತಿವೆ ಎಂದು 2024ರಲ್ಲಿ ನಿರ್ಮಾಪಕ ಕರಣ್ ಜೋಹರ್ ಬಹಿರಂಗವಾಗಿ ಬೇಸರಪಟ್ಟದ್ದು ಈ ಕಾರಣಕ್ಕೇ. ಸಮನಾಗಿ ದುಡಿಯುವ ನಾಯಕಿಯರಿಗೆ ನಾಯಕರಿಗಿಂತ ಬಹಳ ಕಡಿಮೆ ಕೊಡುವುದನ್ನೂ ಇದೇ ಓಪನಿಂಗ್ ಹೆಸರಿನಲ್ಲಿ ಸಮರ್ಥಿಸುತ್ತಾರೆ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಲಾಭದ ಪಾಲು ಸಿಗುವುದೂ ಹೆಸರಿನ ಬಲದಿಂದಲೇ. 1950ರ ‘ವಿಂಚೆಸ್ಟರ್ 73’ ಚಿತ್ರಕ್ಕೆ ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ಕೇಳುವಷ್ಟು ಸಂಭಾವನೆಯನ್ನು ಯೂನಿವರ್ಸಲ್ ಸಂಸ್ಥೆ ಕೊಡಲಾರದೆ ಹೋದಾಗ, ಅವರ ಏಜೆಂಟ್ ಲ್ಯೂ ವಾಸರ್‌ಮನ್ ಲಾಭದಲ್ಲಿ ಪಾಲು ಕೇಳಿ ಪಡೆದರು. ಸ್ಟುವರ್ಟ್ ಬೇಕೇಬೇಕೆಂದು ಸಂಸ್ಥೆಗಿತ್ತು. ನಿಮ್ಮ ನಿರ್ಮಾಪಕರಿಗೆ ನೀವು ಇಲ್ಲದಿದ್ದರೆ ಆಡಿಷನ್ ಕೊಟ್ಟ ಇನ್ನೊಬ್ಬರಿದ್ದಾರೆ. ಇದನ್ನು ನೋಯಿಸಲು ಹೇಳುತ್ತಿಲ್ಲ.

ಆದ್ದರಿಂದ ಪಾಲಿನ ಮಾತನ್ನೇ ಬಿಡಿ, ನಿಗದಿತ ಹಣ ಕೇಳಿ. ಅದು ಅವರು ಹೇಳಿದ್ದಕ್ಕಿಂತ ಕಡಿಮೆಯಾದರೂ ಚಿಂತೆಯಿಲ್ಲ. ಎಷ್ಟು ದಿನಗಳ ಚಿತ್ರೀಕರಣ ಎಂದು ಬರೆಸಿಕೊಳ್ಳಿ, ಮೀರಿದ ಪ್ರತಿ ದಿನಕ್ಕೂ ದಿನದ ದರವನ್ನು ನಮೂದಿಸಿ. ಪಾಲು ಕೊಟ್ಟೇ ತೀರುತ್ತೇವೆಂದು ಅವರು ಪಟ್ಟು ಹಿಡಿದರೆ, ಓಟಿಟಿ ಹಕ್ಕು ಮಾರಾಟವಾದ ದಿನ ಇಂತಿಷ್ಟು ಲಕ್ಷ ಎಂದು ಗೊತ್ತಾದ ಮೊತ್ತವನ್ನು ಬರೆಸಿ. ಅದಕ್ಕೆ ಯಾರ ಲೆಕ್ಕದ ಪುಸ್ತಕವೂ ಬೇಕಾಗುವುದಿಲ್ಲ. ಸಂಭಾವನೆಯಿಂದ ಹಿಡಿದುಕೊಂಡ ತೆರಿಗೆ (ಟಿಡಿಎಸ್) ನಿಮ್ಮ ಪ್ಯಾನ್ ಖಾತೆಯಲ್ಲಿ ಜಮೆಯಾಗಿದೆಯೇ ಎಂಬುದನ್ನು ಮರೆಯದೆ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಕಂತು ಬಿಡುಗಡೆಯ ನಂತರ ಎಂಬ ಷರತ್ತನ್ನು ಒಪ್ಪಬೇಡಿ. ಡಬ್ಬಿಂಗ್‌ಗೆ ಮುಂಚೆ ಎಂದು ಬರೆಸಿ. ನಿಮ್ಮ ಧ್ವನಿ ಸೇರುವವರೆಗೆ ಚಿತ್ರ ಪೂರ್ಣವಾಗುವುದಿಲ್ಲ, ಹೊಸ ನಟನ ಕೈಯಲ್ಲಿರುವ ಬಲ ಅದೊಂದೇ. ನನ್ನ ಎರಡನೆಯ ಚಿತ್ರಕ್ಕೆ ಹಾಗೆಯೇ ಬರೆಸಿಕೊಂಡೆ. ಡಬ್ಬಿಂಗ್ ಹಿಂದಿನ ಸಂಜೆ ಪೂರ್ತಿ ಹಣ ಬ್ಯಾಂಕಿಗೆ ಬಂತು.