ಇಲಿಗೆ ಹುಳವೂ ಮಲೇರಿಯಾವೂ ಒಟ್ಟಿಗೆ ತಗುಲಿದರೆ

ಪ್ರಶ್ನೆ: ಹೊಟ್ಟೆಯಲ್ಲಿ ಹುಳ ಇರುವ ಇಲಿಗೆ ಮಲೇರಿಯಾ ತಗುಲಿಸಿದರೆ ರೋಗ ಜಾಸ್ತಿಯಾಗುತ್ತದೆ ಎಂದು ಒಂದು ಪ್ರಬಂಧ, ತಗ್ಗುತ್ತದೆ ಎಂದು ಇನ್ನೊಂದು. ಯಾವುದು ನಿಜ?

ಉತ್ತರ: ಎರಡೂ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಯಾವ ಹುಳ ಎಂದು ಮಾತ್ರ ಯಾರೂ ಬರೆಯುವುದಿಲ್ಲ!

ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್ ಎಂಬ ದುಂಡುಹುಳ ಇಲಿಯ ಕರುಳಿನಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತದೆ. ಅಷ್ಟು ಕಾಲ ಉಳಿಯಲು ಅದು ಇಲಿಯ ರೋಗನಿರೋಧಕ ಶಕ್ತಿಯನ್ನು ತಣ್ಣಗಾಗಿಸುತ್ತದೆ. ಪ್ಲಾಸ್ಮೋಡಿಯಂ ಚಬಾಡಿ ಎಂಬ ಇಲಿ ಮಲೇರಿಯಾವನ್ನು ಹತೋಟಿಗೆ ತರಲು ಬೇಕಾದ ಇಂಟರ್‌ಫೆರಾನ್ ಗಾಮಾ (ರೋಗನಿರೋಧಕ ಕಣಗಳನ್ನು ಎಚ್ಚರಿಸುವ ಪ್ರೋಟೀನ್) ಆಗ ಸಾಕಷ್ಟು ಬರುವುದಿಲ್ಲ. ಹಾಗಾಗಿ ಬರೀ ಮಲೇರಿಯಾ ಆದರೆ ತಡೆದುಕೊಳ್ಳುವ ತಳಿಯ ಇಲಿಗಳೂ ಈ ಹುಳ ಜೊತೆಗಿದ್ದರೆ ಸಾಯುತ್ತವೆ.

ರಕ್ತ ಕಳೆಯುವ ಹುಳದ ಕತೆಯೇ ಬೇರೆ. ಮಲೇರಿಯಾ ರೋಗಾಣು ಬೆಳೆಯುವುದು ಕೆಂಪು ರಕ್ತಕಣದೊಳಗೆ. ಹುಳ ರಕ್ತಹೀನತೆ ತಂದರೆ ರೋಗಾಣುವಿಗೆ ಕಣಗಳೇ ಸಾಲುವುದಿಲ್ಲ, ಅದರ ಸಂಖ್ಯೆ ಇಳಿಯುತ್ತದೆ. 2008ರಲ್ಲಿ ಜೀವವಿಜ್ಞಾನಿ ಆಂಡ್ರಿಯಾ ಗ್ರಹಾಂ ಇಲಿಗಳ ಮೇಲೆ ನಡೆದ ಇಂಥ ಹಲವು ಪ್ರಯೋಗಗಳನ್ನು ಜೋಡಿಸಿ ನೋಡಿದಾಗ ಕಂಡದ್ದೂ ಇದೇ. ರೋಗಾಣು ಕಡಿಮೆಯಾಯಿತು, ಇಲಿ ಚೆನ್ನಾಗಿದೆ ಎಂದು ಬರೆದುಬಿಡಬೇಡಿ. ಇಲಿಗೆ ಮೊದಲೇ ರಕ್ತ ಇಲ್ಲ, ಅಲ್ವಾ?

ಎರಡು ಸೋಂಕೂ ಹುಳಗಳದ್ದೇ ಆದರೆ ಜಾಗಕ್ಕೂ ಊಟಕ್ಕೂ ಜಗಳ. 1961ರಲ್ಲಿ ಪರಾವಲಂಬಿ ತಜ್ಞ ಜಾನ್ ಹೋಮ್ಸ್ ಇದನ್ನು ರ‍್ಯಾಟ್‌ಗಳಲ್ಲಿ (ದೊಡ್ಡ ಜಾತಿಯ ಇಲಿ) ತೋರಿಸಿದರು. ಹೈಮೆನೊಲೆಪಿಸ್ ಡಿಮಿನ್ಯೂಟಾ ಎಂಬ ಲಾಡಿಹುಳ ಒಂದೇ ಇದ್ದಾಗ ಸಣ್ಣ ಕರುಳಿನ ಮುಂಭಾಗ ಹಿಡಿಯುತ್ತದೆ. ಮುಳ್ಳುತಲೆಯ ಮೊನಿಲಿಫಾರ್ಮಿಸ್ ಹುಳವೂ ಸೇರಿದರೆ ಲಾಡಿಹುಳ ಹಿಂದಕ್ಕೆ ಸರಿಯುತ್ತದೆ, ಬೆಳವಣಿಗೆಯೂ ಕುಗ್ಗುತ್ತದೆ.

ಪ್ರಯೋಗ ಮಾಡುವವರಿಗೆ ಒಂದು ಮಾತು. ನಾಲ್ಕು ಗುಂಪು ಬೇಕು: ಸೋಂಕಿಲ್ಲದ್ದು, ಒಂದೊಂದೇ ಸೋಂಕಿನ ಎರಡು, ಎರಡೂ ಇರುವುದು. ಇಲಿ ಉಳಿಸಲು ಹೋಗಿ ಒಂದು ಗುಂಪು ಬಿಟ್ಟರೆ ಉಳಿದವೂ ಸುಮ್ನೆ ಸತ್ತಂತೆ. ಯಾವ ಸೋಂಕು ಮೊದಲು, ಎಷ್ಟು ದಿನದ ಅಂತರ ಎಂದೂ ಬರೆಯಿರಿ. ಅದು ಬದಲಾದರೆ ಫಲಿತಾಂಶವೇ ತಿರುಗಬಹುದು.

ಪ್ರಶ್ನೆ: ನಮ್ಮ ಇಲಿಗಳಲ್ಲಿ ಸೂಜಿಹುಳ ಇದೆ. ಪರವಾಗಿಲ್ಲ ತಾನೆ?

ಉತ್ತರ: ಹಾಗನ್ನಬೇಡಿ. ನೀವು ಒಂದೇ ಸೋಂಕು ಅಂದುಕೊಂಡ ಇಲಿಯಲ್ಲಿ ಆಗಲೇ ಎರಡಿವೆ.

ಪ್ರಶ್ನೆ: ಹುಳ ಇರುವ ಇಲಿಗೆ ಅಲರ್ಜಿ ಕಡಿಮೆಯಂತೆ. ನೆಟ್‌ನಲ್ಲಿ ಕೊಕ್ಕೆಹುಳದ ಮರಿ ಮಾರುತ್ತಾರೆ. ನಾನೂ ತರಿಸಲೇ?

ಉತ್ತರ: ಬೇಡ. ಮಾರುವವನಿಗೆ ನಿಮ್ಮ ಜೇಬು ಮಾತ್ರ ಕಾಣುತ್ತದೆ. ಹಂದಿಯ ಚಾಟಿಹುಳದ ಮೊಟ್ಟೆ ಕುಡಿಸಿ ಕ್ರೋನ್ಸ್ ಕಾಯಿಲೆಯವರ (ಅಲರ್ಜಿಯಂತೆ ಇಲ್ಲೂ ರೋಗನಿರೋಧಕ ಶಕ್ತಿ ಹದ್ದುಮೀರಿ ಕರುಳು ಉರಿಯೂತಕ್ಕೆ ಒಳಗಾಗುತ್ತದೆ) ಮೇಲೆ ನಡೆಸಿದ ದೊಡ್ಡ ಪರೀಕ್ಷೆಯಲ್ಲೇ ಪ್ರಯೋಜನ ಕಾಣಲಿಲ್ಲ.